ವಾಟ್ಸ್‌ಆ್ಯಪ್ ಗುಂಪು ಸಾಕಾಗಿದೆ, ಯಾವ ಪ್ರಾಜೆಕ್ಟ್ ಸಾಫ್ಟ್‌ವೇರ್ ಹಾಕಿಸಲಿ?

ಪ್ರಶ್ನೆ: ಮೈಸೂರಿನಲ್ಲಿ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಮಾಡಿಕೊಡುವ ಸಣ್ಣ ಸಂಸ್ಥೆ ನಡೆಸುತ್ತಿದ್ದೇನೆ. ಡಿಸೈನರ್, ಕಾರ್ಖಾನೆಯವರು, ಸೈಟ್ ಸೂಪರ್‌ವೈಸರ್, ಅಕೌಂಟ್ಸ್ ಎಲ್ಲ ಸೇರಿ 14 ಜನ. ಒಂದೇ ಹೊತ್ತಿಗೆ ಎಂಟು-ಹತ್ತು ಸೈಟ್ ನಡೆಯುತ್ತಿರುತ್ತವೆ. ಮಾತುಕತೆಯೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೇ. ಯಾವ ಕೆಲಸ ನಿಂತುಹೋಗಿದೆ ಅನ್ನುವುದು ಗ್ರಾಹಕರು ಫೋನ್ ಮಾಡಿ ಬೈದಾಗಲೇ ಗೊತ್ತಾಗುತ್ತದೆ. ಟ್ರೆಲ್ಲೊ, ಝೋಹೊ ಪ್ರಾಜೆಕ್ಟ್ಸ್, ಜಿರಾ ಹೆಸರು ಕೇಳಿದ್ದೇನೆ. ಯಾವುದು ಒಳ್ಳೆಯದು? ಉಚಿತವಾಗಿ ಸಿಗುವುದೇ ಸಾಕೇ?

ಉತ್ತರ: ಆ್ಯಪ್‌ಗಳ ಹೆಸರಿಗೆ ಬರುವ ಮೊದಲು ನಿಮ್ಮ ಸೈಟ್ ಸೂಪರ್‌ವೈಸರನ್ನು ಒಂದರ್ಧ ಗಂಟೆ ಎದುರಿಗೆ ಕೂರಿಸಿಕೊಳ್ಳಿ. ಸಾಫ್ಟ್‌ವೇರ್ ಆರಿಸುವ ಸಭೆಗೆ ಸಾಮಾನ್ಯವಾಗಿ ಮಾಲೀಕರು, ಅಕೌಂಟ್ಸ್‌ನವರು, ಕಂಪ್ಯೂಟರ್ ಬಲ್ಲ ಡಿಸೈನರ್ ಬರುತ್ತಾರೆ. ಸೂಪರ್‌ವೈಸರ್ ಸೈಟಿನಲ್ಲೇ ಇರುತ್ತಾರೆ. ಆದರೆ ಮಾಹಿತಿ ತುಂಬಬೇಕಾದವರು ಅವರು. ಅವರು ತುಂಬದಿದ್ದರೆ ನಿಮ್ಮ ಪರದೆಯ ಮೇಲಿನ ಚಂದದ ಗ್ರಾಫ್‌ಗಳೆಲ್ಲ ಹಳೇ ಸುದ್ದಿ.

ನಾನು ಕೆಲಸ ಮಾಡಿಕೊಟ್ಟ ಒಂದು ಇಂಟೀರಿಯರ್ ಸಂಸ್ಥೆಯಲ್ಲಿ ಗ್ರಾನೈಟ್ ಕೌಂಟರ್ ಎರಡು ಇಂಚು ಗಿಡ್ಡವಾಗಿ ಕತ್ತರಿಸಿ ಬಂದಿತ್ತು. ತಪ್ಪು ಯಾರದೆಂದು ಹುಡುಕಿದರೆ, ಪರಿಷ್ಕೃತ ಅಳತೆಯ ಫೋಟೊ ಗುಂಪಿಗೆ ಬಂದೇ ಇತ್ತು. ಅದರ ಮೇಲೆ ನಾಲ್ಕು ಗುಡ್ ಮಾರ್ನಿಂಗ್, ಒಂದು ಹುಟ್ಟುಹಬ್ಬದ ಹಾರೈಕೆ, ಬೇರೆ ಸೈಟಿನ ಎರಡು ಫೋಟೊ. ಕತ್ತರಿಸುವವರ ಕಣ್ಣಿಗೆ ಬಿದ್ದಿದ್ದು ಹಳೆಯ ಅಳತೆ. ಯಾರೂ ಸೋಮಾರಿತನ ಮಾಡಿರಲಿಲ್ಲ. ನಿಮ್ಮಲ್ಲೂ ಇದೇ ಆಗುತ್ತಿದೆ ಅನ್ನಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾತು ಹರಿದು ಹೋಗುತ್ತದೆ, ಕೆಲಸ ಒಂದು ಜಾಗದಲ್ಲಿ ನಿಲ್ಲುವುದಿಲ್ಲ.

ನಿಮಗೆ ಬೇಕಿರುವುದು ಪ್ರತಿ ಅಡುಗೆಮನೆಗೂ ಒಂದು ಕಾರ್ಡು, ಆ ಕಾರ್ಡು ಈಗ ಎಲ್ಲಿದೆ ಅನ್ನುವುದು ಎಲ್ಲರಿಗೂ ಕಾಣುವ ಒಂದು ಹಲಗೆ. ಈ ಪದ್ಧತಿಗೆ ಕಾನ್‌ಬಾನ್ ಅನ್ನುತ್ತಾರೆ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ಬೆಳೆಸಿದ ವಿಧಾನ ಇದು. ಬಿಡಿಭಾಗದ ಪೆಟ್ಟಿಗೆಯ ಜೊತೆಗೇ ಒಂದು ಚೀಟಿ ಓಡಾಡುತ್ತಿತ್ತು, ಚೀಟಿ ವಾಪಸ್ ಬಂದರೆ ಮಾತ್ರ ಮುಂದಿನ ಸರಕು ತಯಾರಾಗುತ್ತಿತ್ತು. ನೀವು ಬೆಂಗಳೂರಿಗೆ ಹೋಗುವಾಗ ದಾಟುವ ಬಿಡದಿಯಲ್ಲೇ ಟೊಯೊಟಾದ ಕಾರ್ಖಾನೆಯಿದೆ, ಪರಿಚಯದವರಿದ್ದರೆ ಕೇಳಿ ನೋಡಿ.

ಹಲಗೆಯನ್ನು ಕಾಗದದ ಮೇಲೆಯೇ ಮೊದಲು ಮಾಡಿ. ಕಾರ್ಖಾನೆಯ ಗೋಡೆಗೆ ಒಂದು ಚಾರ್ಟ್ ಅಂಟಿಸಿ ಕಂಬಸಾಲು ಎಳೆಯಿರಿ: ಅಳತೆ, ಡಿಸೈನ್ ಒಪ್ಪಿಗೆ, ಅಡ್ವಾನ್ಸ್ ಬಂತು, ಕಟಿಂಗ್, ಎಡ್ಜ್ ಬ್ಯಾಂಡಿಂಗ್, ಸೈಟ್ ಫಿಟಿಂಗ್, ಗ್ರಾನೈಟ್, ಹ್ಯಾಂಡೋವರ್. ಪ್ರತಿ ಸೈಟಿಗೂ ಒಂದು ಅಂಟುಚೀಟಿ. ಒಂದು ವಾರ ಹೀಗೇ ನಡೆಸಿ. ಯಾವ ಕಂಬದಲ್ಲಿ ಚೀಟಿಗಳು ರಾಶಿಯಾಗುತ್ತವೋ ನಿಮ್ಮ ತೊಂದರೆ ಅಲ್ಲಿದೆ. ಹೆಚ್ಚಾಗಿ ಅದು 'ಡಿಸೈನ್ ಒಪ್ಪಿಗೆ'ಯೇ ಆಗಿರುತ್ತದೆ, ಮರಗೆಲಸದವರನ್ನು ಸುಮ್ಮನೆ ಬೈದಿರುತ್ತೇವೆ. ಇಷ್ಟು ತಿಳಿಯದೆ ಹಣ ಕಟ್ಟಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ನೀವು ಕೇಳಿದ ಮೂರರ ವಿಷಯ. ಜಿರಾ ಬಿಟ್ಟುಬಿಡಿ. 2002ರಲ್ಲಿ ಅಟ್ಲಾಸಿಯನ್ ಕಂಪನಿ ಅದನ್ನು ಹೊರತಂದದ್ದೇ ಸಾಫ್ಟ್‌ವೇರಿನ ದೋಷಗಳ ಲೆಕ್ಕವಿಡಲು. ಪ್ರೋಗ್ರಾಮರ್‌ಗಳಿಗೆ ಅದು ಬಹಳ ಒಳ್ಳೆಯ ಸಾಧನ. ಸ್ಪ್ರಿಂಟ್, ಬ್ಯಾಕ್‌ಲಾಗ್ ಎಂಬ ಮಾತುಗಳನ್ನು ನಿಮ್ಮ ಕಾರ್ಖಾನೆಗೆ ಕಲಿಸಿ ಸಿಗುವ ಲಾಭ ಏನೂ ಇಲ್ಲ.

ಉಳಿದದ್ದು ಟ್ರೆಲ್ಲೊ ಮತ್ತು ಝೋಹೊ. ಟ್ರೆಲ್ಲೊ ಅಂದರೆ ನೀವು ಗೋಡೆಗೆ ಅಂಟಿಸಿದ ಆ ಚಾರ್ಟೇ, ಫೋನಿನೊಳಗೆ. 2011ರಲ್ಲಿ ಶುರುವಾಯಿತು, 2017ರಿಂದ ಅದೂ ಅಟ್ಲಾಸಿಯನ್ ಕೈಯಲ್ಲಿದೆ. ಕಾರ್ಡನ್ನು ಬೆರಳಿನಿಂದ ಎಳೆದು ಮುಂದಿನ ಕಂಬಕ್ಕೆ ಬಿಟ್ಟರಾಯಿತು. ಒಂದು ಕೆಲಸ ತಡವಾದರೆ ಮುಂದಿನವು ಎಷ್ಟು ದಿನ ಜಾರುತ್ತವೆ ಎಂದು ನೋಡಬೇಕಾದಾಗ ಮಾತ್ರ ಅದು ಕೈಕೊಡುತ್ತದೆ. ನಿಮ್ಮ ಬಳಿ ಇರುವುದು ಒಂದೇ ಫಿಟಿಂಗ್ ತಂಡವಾದರೆ, ಕುವೆಂಪುನಗರದ ಸೈಟು ಮೂರು ದಿನ ತಡವಾದಾಗ ವಿಜಯನಗರದ ಗ್ರಾನೈಟ್‌ನವರಿಗೆ ಹೇಳಿದ ದಿನವೂ ಬದಲಾಗಬೇಕು. ಅದಕ್ಕೆ ಗ್ಯಾಂಟ್ ಚಾರ್ಟ್ ಬೇಕು, ಅಂದರೆ ಯಾವ ಕೆಲಸ ಯಾವ ದಿನದಿಂದ ಯಾವ ದಿನದವರೆಗೆ ಎಂದು ಅಡ್ಡಪಟ್ಟಿಗಳಲ್ಲಿ ತೋರಿಸುವ ಚಿತ್ರ, ಕೆಲಸದಿಂದ ಕೆಲಸಕ್ಕೆ ಕೊಂಡಿ ಹಾಕುವ ಸೌಲಭ್ಯ ಬೇಕು. ಝೋಹೊ ಪ್ರಾಜೆಕ್ಟ್ಸ್‌ನಲ್ಲಿ ಅದಿದೆ. ಚೆನ್ನೈ ಮೂಲದ ಕಂಪನಿ, ಬಿಲ್ಲು ರೂಪಾಯಿಯಲ್ಲೇ ಬರುತ್ತದೆ. ಆದರೆ ಪರದೆ ತುಂಬ ಗುಂಡಿಗಳು, ಸೈಟಿನವರು ಹೆದರುತ್ತಾರೆ.

ಎರಡನ್ನೂ ಪರೀಕ್ಷಿಸಲು ನಾನು ಮಾಡುವುದು ಇಷ್ಟು. ಸೈಟಿನಲ್ಲಿ, ಕೈಗೆ ಪ್ಲೈವುಡ್ ಧೂಳು ಮೆತ್ತಿಕೊಂಡಿರುವಾಗ, ಸೂಪರ್‌ವೈಸರ್ ಕೈಗೆ ಅವರದೇ ಫೋನು ಕೊಟ್ಟು 'ಶಟರ್ ಒಂದು ಕಡಿಮೆ ಬಂದಿದೆ ಅಂತ ಫೋಟೊ ಸಮೇತ ಹಾಕಿ' ಅನ್ನುತ್ತೇನೆ. ಪಕ್ಕದಲ್ಲಿ ನಿಂತು, ಬಾಯಿ ಬಿಡದೆ, ಎಷ್ಟು ಸಲ ಒತ್ತಿದರು ಎಂದು ಎಣಿಸುತ್ತೇನೆ. ಒಮ್ಮೆ ಹೀಗೆ ನಿಂತಿದ್ದಾಗ ಸೂಪರ್‌ವೈಸರೊಬ್ಬರು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಒಡೆದ ಗಾಜಿನ ಮೇಲೆ ಒತ್ತಿ, ಒಂಬತ್ತನೇ ಸಲಕ್ಕೆ ನನ್ನ ಮುಖ ನೋಡಿ, ವಾಟ್ಸ್‌ಆ್ಯಪ್ ತೆರೆದು ಆ ಫೋಟೊ ಕಳಿಸಿಬಿಟ್ಟರು. ಆ ಆ್ಯಪ್ ಅಲ್ಲಿಗೇ ಮುಗಿಯಿತು. ಐದು ಒತ್ತಿನೊಳಗೆ ಆಗಬೇಕು. ಕಾರ್ಡಿನ ಹೆಸರನ್ನು ಕನ್ನಡದಲ್ಲೇ ಬರೆಸಿ, ಆಮೇಲೆ ಕನ್ನಡದಲ್ಲೇ ಹುಡುಕಿಸಿ ನೋಡಿ. ಸಿಗ್ನಲ್ ಇಲ್ಲದ ನೆಲಮಾಳಿಗೆಯಲ್ಲೂ ಒಮ್ಮೆ ಪ್ರಯತ್ನಿಸಿ.

ನಿಮ್ಮ ಗಾತ್ರಕ್ಕೆ ನನ್ನ ಸಲಹೆ: ಟ್ರೆಲ್ಲೊದಲ್ಲಿ ಶುರು ಮಾಡಿ, ಎರಡು ಸೈಟಿಗೆ ಮಾತ್ರ, ಒಂದು ತಿಂಗಳು. ತಾರೀಖುಗಳ ಜಗಳ ಆಗಲೂ ಮುಗಿಯದಿದ್ದರೆ ಝೋಹೊಗೆ ಹೋಗಿ.

ಉಚಿತ ಸಾಕೇ ಎಂಬುದಕ್ಕೆ: ಪರೀಕ್ಷೆಗೆ ಸಾಕು. ಉಚಿತ ಯೋಜನೆಗಳಲ್ಲಿ ಜನರ ಸಂಖ್ಯೆಗೆ ಮಿತಿ ಇರುತ್ತದೆ, ಆ ಮಿತಿಯೂ ಆಗಾಗ ಬದಲಾಗುತ್ತದೆ, ಸೇರುವ ದಿನ ನೋಡಿಕೊಳ್ಳಿ. ಹಣ ಕೊಡುವುದಾದರೆ ಲೆಕ್ಕ ತಲೆಗೆ ಇಷ್ಟು ಎಂದು. ತಲೆಗೆ ತಿಂಗಳಿಗೆ 500 ರೂಪಾಯಿ ಎಂದಿಟ್ಟುಕೊಂಡರೆ 14 ಜನಕ್ಕೆ ವರ್ಷಕ್ಕೆ 84,000, ಮೇಲೆ 18% ಜಿಎಸ್‌ಟಿ ಸೇರಿ 99,120 ರೂಪಾಯಿ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳವಾಗಿ ಜಿಎಸ್‌ಟಿ ಕಟ್ಟುವ ಪದ್ಧತಿ) ಆ ತೆರಿಗೆ ವಾಪಸ್ ಬರುವುದಿಲ್ಲ. ಎಲ್ಲ 14 ಜನಕ್ಕೂ ಲಾಗಿನ್ ಬೇಕಿಲ್ಲ ಎಂಬುದನ್ನೂ ಗಮನಿಸಿ. ಫಿಟಿಂಗ್ ತಂಡಕ್ಕೆ ಮೇಸ್ತ್ರಿಯೊಬ್ಬರ ಲಾಗಿನ್ ಇದ್ದರೆ ನಡೆಯುತ್ತದೆ.

ಇನ್ನೊಂದು ವಿಷಯ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಖ್ಯ ಅಡ್ಮಿನ್ ಖಾತೆ ಸಂಸ್ಥೆಯ ಇಮೇಲಿನಲ್ಲಿರಲಿ. ಒಂದು ಕಡೆ ಡಿಸೈನರ್ ತಮ್ಮ ಸ್ವಂತ ಜಿಮೇಲ್‌ನಲ್ಲಿ ಎಲ್ಲವನ್ನೂ ತೆರೆದಿದ್ದರು. ಅವರು ಕೆಲಸ ಬಿಟ್ಟ ಮೇಲೆ ಎಂಟು ತಿಂಗಳ ಡ್ರಾಯಿಂಗ್‌ಗಳಿಗಾಗಿ ಮಾಲೀಕರು ಅವರ ಮನೆಗೇ ಹೋಗಿ ಕೇಳಿಕೊಳ್ಳಬೇಕಾಯಿತು. ಹಾಗೆಯೇ ತಿಂಗಳಿಗೊಮ್ಮೆ ಮಾಹಿತಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಎಕ್ಸ್‌ಪೋರ್ಟ್ ಕಡತದಲ್ಲಿ ಸಾಮಾನ್ಯವಾಗಿ ಬರಹ ಮಾತ್ರ ಬರುತ್ತದೆ, ಫೋಟೊಗಳ ಜಾಗದಲ್ಲಿ ಲಿಂಕ್ ಇರುತ್ತದೆ. ಅಳತೆಯ ಫೋಟೊಗಳನ್ನು ಬೇರೆಯಾಗಿ ಇಡಬೇಕು.

ಕೊನೆಗೆ, ಅಳತೆಯ ಫೋಟೊ ಇನ್ನು ವಾಟ್ಸ್‌ಆ್ಯಪ್‌ಗೆ ಬಂದರೆ ಕಟಿಂಗ್ ಆಗುವುದಿಲ್ಲ, ಕಾರ್ಡಿನಲ್ಲಿದ್ದರೆ ಮಾತ್ರ ಆಗುತ್ತದೆ ಎಂಬ ಒಂದೇ ನಿಯಮ ಮಾಡಿ. ಅದನ್ನು ಮೊದಲು ಪಾಲಿಸಬೇಕಾದವರು ನೀವು. ಮಾಲೀಕರೇ ರಾತ್ರಿ ಹತ್ತಕ್ಕೆ ಗುಂಪಿನಲ್ಲಿ 'ಆ ಸೈಟ್ ಏನಾಯ್ತು' ಎಂದು ಕೇಳಿದರೆ ಮಾರನೇ ದಿನದಿಂದ ಯಾರೂ ಹಲಗೆ ತೆರೆಯುವುದಿಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ಆಡಿಟರ್ ಕಚೇರಿ ಇದೆ, ಐದು ಜನ ಸಿಬ್ಬಂದಿ. ನಮಗೂ ಇಂಥದ್ದು ಬೇಕೇ?

ಉತ್ತರ: ನಿಮ್ಮ ಕೆಲಸ ಬೇರೆ ಥರದ್ದು. ಪ್ರತಿ ತಿಂಗಳೂ ಅದೇ ಕೆಲಸ ಮರಳಿ ಬರುತ್ತದೆ: 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ, ಅದೂ ಒಬ್ಬೊಬ್ಬ ಕಕ್ಷಿದಾರರಿಗೂ. ತಾನಾಗಿಯೇ ಪುನರಾವರ್ತನೆಯಾಗುವ ಟಾಸ್ಕ್ ಸೌಲಭ್ಯ ಇದೆಯೇ ಎಂಬುದೊಂದನ್ನೇ ನೋಡಿ, ಗ್ಯಾಂಟ್ ಚಾರ್ಟ್ ಬೇಡ. ಗಡುವನ್ನು 20 ಎಂದು ಹಾಕದೆ, ಕಕ್ಷಿದಾರರಿಂದ ಬಿಲ್ಲು ಬರಬೇಕಾದ ದಿನವನ್ನೇ ಗಡುವಾಗಿ ಹಾಕಿ. ನಿಮ್ಮಲ್ಲಿ ತಡವಾಗುವುದು ಅಲ್ಲಿಯೇ. ಕಕ್ಷಿದಾರರ ಪ್ಯಾನ್, ಪಾಸ್‌ವರ್ಡ್‌ಗಳನ್ನು ಮಾತ್ರ ಟಾಸ್ಕ್‌ನ ಟಿಪ್ಪಣಿಯಲ್ಲಿ ಎಂದಿಗೂ ಬರೆದಿಡಬೇಡಿ.