ಕೆಲವು ವೆಬ್ ಫ್ರೇಮ್‌ವರ್ಕ್‌ಗಳು ಮಾತ್ರ ಯಾಕೆ ಅಷ್ಟು ಜನಪ್ರಿಯವಾಗುತ್ತವೆ?

ಜನ ಇರುವ ಕಡೆಗೇ ಜನ ಹೋಗುತ್ತಾರೆ, ಅದಕ್ಕೆ. ಫ್ರೇಮ್‌ವರ್ಕ್ ಎಂದರೆ ವೆಬ್‌ಸೈಟ್ ಕಟ್ಟುವ ಅರ್ಧ ಕೆಲಸವನ್ನು ಮೊದಲೇ ಮಾಡಿಟ್ಟ ಕೋಡ್. ಉಳಿದರ್ಧದಲ್ಲಿ ಸಿಕ್ಕಿಕೊಂಡಾಗ ಯಾರು ಕೈಹಿಡಿಯುತ್ತಾರೆ ಅನ್ನುವುದೇ ಮುಖ್ಯ.

ಬಟನ್ ಒತ್ತಿದ ಕೂಡಲೇ ಪುಟ ಬೆಳ್ಳಗಾಗಿ ನಿಂತುಬಿಡುತ್ತದೆ ಅಂದುಕೊಳ್ಳಿ. ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಕೆಂಪು ಅಕ್ಷರದ ಒಂದು ಸಾಲು. ಅದನ್ನು ಹಾಗೇ ಕಾಪಿ ಮಾಡಿ ಹುಡುಕುತ್ತೀರಿ. ರಿಯಾಕ್ಟ್‌ನಂಥ ಜನಪ್ರಿಯ ಫ್ರೇಮ್‌ವರ್ಕ್ ಆಗಿದ್ದರೆ ನಿಮಗಿಂತ ಮುಂಚೆ ಎಷ್ಟೋ ಜನ ಅದೇ ಗುಂಡಿಗೆ ಬಿದ್ದಿರುತ್ತಾರೆ, ಎದ್ದು ಬಂದವರು ದಾರಿಯನ್ನೂ ಬರೆದಿಟ್ಟಿರುತ್ತಾರೆ. ಅಪರೂಪದ ಫ್ರೇಮ್‌ವರ್ಕ್ ಆದರೆ ನೀವೇ ಅದರ ಒಳಗಿನ ಕೋಡ್ ಓದುತ್ತಾ ಕೂರಬೇಕು. ಬಳಸುವವರು ಹೆಚ್ಚಿದಷ್ಟೂ ಉತ್ತರಗಳು, ಸಿದ್ಧ ಲೈಬ್ರರಿಗಳು (ಎತ್ತಿಕೊಂಡು ಬಳಸಬಹುದಾದ ಕೋಡ್), ಕೆಲಸದ ಜಾಹೀರಾತುಗಳು ಜಾಸ್ತಿಯಾಗುತ್ತವೆ. ಅದನ್ನು ನೋಡಿ ಇನ್ನಷ್ಟು ಜನ ಬರುತ್ತಾರೆ.

ಮೊದಲ ಗುಂಪು ಸೇರುವುದು ಹೇಗೆ? ಆ ಹೊತ್ತಿನ ತಲೆನೋವಿಗೆ ಮದ್ದು ಕೊಟ್ಟರೆ. 2005ರಲ್ಲಿ ರೂಬಿ ಆನ್ ರೈಲ್ಸ್ ಎಂಬ ಫ್ರೇಮ್‌ವರ್ಕ್ 15 ನಿಮಿಷದಲ್ಲಿ ಬ್ಲಾಗ್ ಕಟ್ಟಿ ತೋರಿಸಿತು, ಜನ ಬೆರಗಾದರು. 2013ರಲ್ಲಿ ಎಲ್ಲರಿಗೂ ಸಿಕ್ಕ ರಿಯಾಕ್ಟ್ ಬೆನ್ನಿಗೆ ಫೇಸ್‌ಬುಕ್ ಇತ್ತು. ಅವರೇ ಬಳಸುತ್ತಾರೆ ಅಂದಮೇಲೆ ನಾಳೆ ಸುಮ್ನೆ ಕೈಬಿಡಲಾರರು ಎಂಬ ಧೈರ್ಯ.

ಆದರೆ ದೊಡ್ಡ ಹೆಸರೊಂದೇ ಸಾಲದು. 2016ರಲ್ಲಿ ಗೂಗಲ್ ತನ್ನ ಫ್ರೇಮ್‌ವರ್ಕ್ ಆಂಗ್ಯುಲರ್ ಅನ್ನು ಹಳೆಯದಕ್ಕೆ ಹೊಂದದ ಹಾಗೆ ಹೊಸದಾಗಿ ತಂದಿತು. ಹೇಗೂ ಎಲ್ಲ ತಿರುಗಿ ಬರೆಯಬೇಕು ಅಲ್ವಾ ಎಂದು ಹಲವರು ರಿಯಾಕ್ಟ್ ಕಡೆಗೋ ವ್ಯೂ ಎಂಬ ಇನ್ನೊಂದು ಫ್ರೇಮ್‌ವರ್ಕ್ ಕಡೆಗೋ ಹೊರಟುಹೋದರು.