ಮೂರು ವರ್ಷಗಳಿಂದ ಅಲ್ಪ್ರಜೋಲಾಮ್ ತೆಗೆದುಕೊಳ್ಳುತ್ತಿದ್ದೇನೆ, ಸುರಕ್ಷಿತವಾಗಿ ಬಿಡುವುದು ಹೇಗೆ?

ಗಾಬರಿಯ ಕಾಯಿಲೆಗೆಂದು ವೈದ್ಯರು ಬರೆದುಕೊಟ್ಟ ಅಲ್ಪ್ರಜೋಲಾಮ್ 0.5 ಮಿಲಿಗ್ರಾಂ ಮಾತ್ರೆಯನ್ನು ಮೂರು ವರ್ಷಗಳಿಂದ ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ತೆಗೆದುಕೊಳ್ಳುತ್ತಿದ್ದೀರಿ. ಇತ್ತೀಚೆಗೆ ಪೂರ್ತಿ ಬಿಟ್ಟು ನೋಡಿದಾಗ ಎರಡನೆಯ ದಿನವೇ ಕೈ ನಡುಗಿ, ನಿದ್ದೆ ಹಾರಿಹೋಗಿ, ಎದೆ ಡವಗುಟ್ಟಿ, ಮತ್ತೆ ಮಾತ್ರೆಗೆ ಮರಳಿದ್ದಾಗಿ ಬರೆದಿದ್ದೀರಿ. ಇದು ಚಟವೇ, ಹಳೆಯ ಕಾಯಿಲೆಯೇ ಮರಳಿ ಬಂದಿದೆಯೇ, ಮನೆಯಲ್ಲಿದ್ದುಕೊಂಡೇ ಬಿಡಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಇಂತಹ ಮಾತ್ರೆಗಳ ಡೋಸ್ ಇಳಿಸುವ ಪಟ್ಟಿಯನ್ನು ವೈದ್ಯರ ಜೊತೆ ಕುಳಿತು ಸಿದ್ಧಪಡಿಸುವುದು ನನ್ನ ಕೆಲಸದ ಒಂದು ಭಾಗವಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ತುರ್ತಿನ ಮಾತು. ವೈದ್ಯರನ್ನು ಕಾಣುವವರೆಗೆ ಈಗಿನ ಡೋಸನ್ನೇ ಈಗಿನ ಹೊತ್ತಿಗೇ ತೆಗೆದುಕೊಳ್ಳುತ್ತಿರಿ, ಒಮ್ಮೆಗೇ ನಿಲ್ಲಿಸುವ ಪ್ರಯತ್ನವನ್ನು ದಯವಿಟ್ಟು ಮತ್ತೆ ಮಾಡಬೇಡಿ. ಅಲ್ಪ್ರಜೋಲಾಮ್ ಸೇರಿದ ಬೆಂಜೊಡಯಜೆಪೀನ್ ಗುಂಪಿನ ಔಷಧವನ್ನು ದೀರ್ಘಕಾಲ ಬಳಸಿ ತಟಕ್ಕನೆ ಬಿಟ್ಟರೆ ಜೀವನದಲ್ಲಿ ಎಂದೂ ಫಿಟ್ಸ್ ಕಾಣದವರಿಗೂ ಫಿಟ್ಸ್ ಬರಬಹುದು, ಸನ್ನಿ ಹಿಡಿದಂತೆ ಎಚ್ಚರ ತಪ್ಪಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ಈ ಗುಂಪಿನ ಎಲ್ಲ ಔಷಧಗಳಿಗೂ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯಲ್ಲಿ ಅವಲಂಬನೆ ಮತ್ತು ಬಿಡುವಾಗಿನ ಅಪಾಯಗಳನ್ನು ಸೇರಿಸಬೇಕೆಂದು ಆದೇಶಿಸಿದ್ದು ಇದೇ ಕಾರಣಕ್ಕೆ.

ಎರಡನೆಯ ದಿನ ನಿಮಗೆ ಆದದ್ದು ಏನೆಂದು ತಿಳಿದರೆ ಅರ್ಧ ಭಯ ಇಳಿಯುತ್ತದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಕೆಲಸ ಮಾಡುತ್ತದೆ, ನಿಮ್ಮ ಮಾತ್ರೆ ಆ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ. ಹೊರಗಿನಿಂದ ಈ ನೆರವು ತಿಂಗಳುಗಟ್ಟಲೆ ಬರುತ್ತಿದ್ದಾಗ ಮಿದುಳು ಅದಕ್ಕೆ ಒಗ್ಗಿಕೊಂಡು, ಗಾಬಾಗೆ ತಾನು ಸ್ಪಂದಿಸುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ, ಎದುರು ದಿಕ್ಕಿನಲ್ಲಿ ಕೆಲಸ ಮಾಡುವ ಉದ್ರೇಕಕಾರಿ ವ್ಯವಸ್ಥೆಯನ್ನು ಬಲಪಡಿಸಿಕೊಳ್ಳುತ್ತದೆ. ಆಮೇಲೆ ಔಷಧ ಹಠಾತ್ತನೆ ಇಲ್ಲವಾದಾಗ ತಡೆಯುವ ಶಕ್ತಿ ಕುಂದಿರುತ್ತದೆ, ಕೆರಳಿಸುವ ಶಕ್ತಿ ಮಾತ್ರ ಹಾಗೆಯೇ ಉಳಿದಿರುತ್ತದೆ. ನಡುಕ, ಬೆವರು, ನಿದ್ರಾಹೀನತೆ, ಏರಿದ ಎದೆಬಡಿತ ಎಲ್ಲವೂ ಈ ಅಸಮತೋಲನದ ಫಲ. ಅಲ್ಪ್ರಜೋಲಾಮ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಸಮಯ, ಸರಾಸರಿ 11 ಗಂಟೆಯಷ್ಟೇ ಆದ್ದರಿಂದ ಲಕ್ಷಣಗಳು ಒಂದೆರಡು ದಿನಗಳಲ್ಲೇ ತಲೆದೋರುತ್ತವೆ. ಡಯಾಜೆಪಾಮ್‌ನಂತಹ ಅದೇ ಗುಂಪಿನ, ದೇಹದಿಂದ ನಿಧಾನವಾಗಿ ಹೊರಹೋಗುವ ಔಷಧವಾಗಿದ್ದರೆ ಅವು ಬರಲು ಕೆಲವೊಮ್ಮೆ ಒಂದು ವಾರವೇ ಹಿಡಿಯುತ್ತದೆ.

ಹಾಗಾಗಿ ಚಟದ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ನೀವು ಚೀಟಿಯಲ್ಲಿ ಬರೆದಷ್ಟನ್ನೇ ತೆಗೆದುಕೊಂಡಿದ್ದೀರಿ, ಡೋಸ್ ಏರಿಸಿಕೊಂಡಿಲ್ಲ, ಬೇರೆ ಬೇರೆ ವೈದ್ಯರ ಬಳಿ ಹೋಗಿ ಚೀಟಿ ಬರೆಸಿಕೊಂಡಿಲ್ಲ, ಬಿಡಬೇಕೆಂದು ನೀವೇ ಬಯಸುತ್ತಿದ್ದೀರಿ. ನಿಮ್ಮದು ದೇಹದ ಅವಲಂಬನೆ, ಸ್ವಭಾವದ ದೋಷವಲ್ಲ. ಈ ಔಷಧಗಳನ್ನು ಎರಡರಿಂದ ನಾಲ್ಕು ವಾರಗಳಿಗೆ ಸೀಮಿತಗೊಳಿಸಬೇಕೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಸಲಹೆ ಮಾಡಿತ್ತು. ಆದರೂ ವರ್ಷಗಟ್ಟಲೆ ಒಂದೇ ಚೀಟಿ ಮುಂದುವರಿಯುವುದನ್ನು ನಾನು ಇಂದಿಗೂ ನೋಡುತ್ತೇನೆ, ಅದರ ನಾಚಿಕೆಯನ್ನು ರೋಗಿ ಹೊರುವುದನ್ನು ಕಂಡಾಗ ನಿಜಕ್ಕೂ ನೋವಾಗುತ್ತದೆ.

ಹಳೆಯ ಕಾಯಿಲೆ ಮರಳಿತೇ ಎಂಬುದನ್ನು ಒಂದೇ ದಿನದ ಅನುಭವದಿಂದ ತೀರ್ಮಾನಿಸಲಾಗದು. ಆದರೆ ಕೆಲವು ಸುಳಿವುಗಳಿವೆ. ಬಿಟ್ಟ ಕೂಡಲೇ ಶುರುವಾಗಿ, ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋದರೆ ಅದು ಬಹುಮಟ್ಟಿಗೆ ಔಷಧ ತಪ್ಪಿದ್ದರ ಪರಿಣಾಮ. ನಿಮ್ಮ ಹಳೆಯ ಗಾಬರಿಯಲ್ಲಿ ಎಂದೂ ಇರದಿದ್ದ ಲಕ್ಷಣಗಳು ಕಾಣಿಸಿಕೊಂಡರೆ ಆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ: ಸಾಮಾನ್ಯ ಬೆಳಕೂ ಕಣ್ಣಿಗೆ ಚುಚ್ಚುವುದು, ತಟ್ಟೆಯ ಮೇಲೆ ಚಮಚ ಬಿದ್ದ ಸದ್ದಿಗೂ ಮೈ ಬೆಚ್ಚಿಬೀಳುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಚರ್ಮದ ಮೇಲೆ ಏನೋ ಹರಿದಾಡಿದಂತಾಗುವುದು, ರೆಪ್ಪೆ ಅಥವಾ ಮೀನಖಂಡ ತಾನಾಗಿ ಅದುರುವುದು.

ಇನ್ನು ಇಳಿಸುವ ಕ್ರಮ. ಅಮೆರಿಕದ ಹಲವು ವೈದ್ಯಕೀಯ ಸಂಘಗಳು ಸೇರಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಆರಂಭದಲ್ಲಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶೇಕಡಾ 5ರಿಂದ 10ರಷ್ಟು ಮಾತ್ರ ಕಡಿತ ಮಾಡುವುದನ್ನು ಪರಿಗಣಿಸಬೇಕು, ಎರಡು ವಾರಗಳಲ್ಲಿ ಶೇಕಡಾ 25ನ್ನು ಸಾಮಾನ್ಯವಾಗಿ ಮೀರಬಾರದು. ನನ್ನ ಅನುಭವದಲ್ಲಿ ಎಲ್ಲರೂ ಎಡವುವುದು ಶೇಕಡಾವಾರಿನ ಲೆಕ್ಕದಲ್ಲಿ. ಕಡಿತವನ್ನು ಮೊದಲಿದ್ದ ಡೋಸಿನ ಮೇಲೆ ಲೆಕ್ಕ ಹಾಕದೆ, ಆಯಾ ಹೊತ್ತಿನಲ್ಲಿ ತೆಗೆದುಕೊಳ್ಳುತ್ತಿರುವ ಡೋಸಿನ ಮೇಲೆ ಹಾಕಬೇಕು. 20 ಮಿಲಿಗ್ರಾಂ ಡಯಾಜೆಪಾಮ್ ತೆಗೆದುಕೊಳ್ಳುವವರಿಗೆ 2 ಮಿಲಿಗ್ರಾಂ ಕಡಿಮೆ ಮಾಡುವುದೆಂದರೆ ಹತ್ತರಲ್ಲಿ ಒಂದು ಭಾಗ, 4 ಮಿಲಿಗ್ರಾಂಗೆ ಇಳಿದವರಿಗೆ ಅದೇ 2 ಮಿಲಿಗ್ರಾಂ ಎಂದರೆ ಅರ್ಧಕ್ಕರ್ಧ. ‘ಇನ್ನೇನು ಚೂರು ಉಳಿದಿದೆ, ಬಿಟ್ಟೇಬಿಡೋಣ’ ಎಂದುಕೊಳ್ಳುವ ಘಟ್ಟದಲ್ಲೇ ಹೆಚ್ಚಿನವರು ತೊಂದರೆಗೆ ಸಿಲುಕುತ್ತಾರೆ. ಕೊನೆಯ ಆ ಚೂರನ್ನೇ ಎಲ್ಲಕ್ಕಿಂತ ನಿಧಾನವಾಗಿ ಇಳಿಸಬೇಕು.

ನಿಮ್ಮ ವಿಷಯದಲ್ಲಿ ಇದಕ್ಕೊಂದು ಪ್ರಾಯೋಗಿಕ ತೊಡಕಿದೆ. ನಿಮ್ಮ ದಿನದ ಡೋಸ್ 1 ಮಿಲಿಗ್ರಾಂ, ಅದರ ಹತ್ತರಲ್ಲಿ ಒಂದು ಭಾಗ 0.1 ಮಿಲಿಗ್ರಾಂ. ಆದರೆ ಸಾಮಾನ್ಯವಾಗಿ ಸಿಗುವ ಅತಿ ಚಿಕ್ಕ ಮಾತ್ರೆಯೇ 0.25 ಮಿಲಿಗ್ರಾಂ. ಮಾತ್ರೆ ಕತ್ತರಿಸುವ ಸಾಧನದಲ್ಲಿಟ್ಟು ಅದನ್ನು ಅರ್ಧ ಮಾಡಬಹುದು. ಆದರೆ ಆ ಅರ್ಧವನ್ನು ಮತ್ತೆ ಎರಡು ಮಾಡಹೊರಟರೆ ಒಂದು ತುಂಡು ದೊಡ್ಡದಾಗಿ ಇನ್ನೊಂದು ಚಿಕ್ಕದಾಗುತ್ತದೆ, ಒಂದಿಷ್ಟು ಪುಡಿಯಾಗಿ ಅಲಗಿಗೆ ಅಂಟಿಕೊಳ್ಳುತ್ತದೆ. ಇಂದು ಹೆಚ್ಚು, ನಾಳೆ ಕಡಿಮೆ ಎಂಬಂತಾಗಿ ಇಡೀ ಲೆಕ್ಕವೇ ತಪ್ಪುತ್ತದೆ. ನಿಮ್ಮದು ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯಾಗಿದ್ದರಂತೂ ಅದನ್ನು ಮುರಿಯಲೇಬಾರದು, ಹೊದಿಕೆಯ ಮೇಲಿನ ಹೆಸರನ್ನು ನಿಮ್ಮ ಫಾರ್ಮಸಿಸ್ಟ್‌ಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಈ ತೊಡಕಿಗೆ ವೈದ್ಯರು ಹುಡುಕುವ ದಾರಿಗಳಲ್ಲಿ ಮುಖ್ಯವಾದದ್ದು, ದೇಹದಿಂದ ನಿಧಾನವಾಗಿ ಹೊರಹೋಗುವ ಡಯಾಜೆಪಾಮ್‌ಗೆ ಹಂತಹಂತವಾಗಿ ಬದಲಾಯಿಸಿ ಆಮೇಲೆ ಅದನ್ನು ಇಳಿಸುವುದು. ಡಯಾಜೆಪಾಮ್ ದೇಹದಲ್ಲಿ ದಿನಗಟ್ಟಲೆ ಉಳಿಯುವುದರಿಂದ ಎರಡು ಡೋಸ್‌ಗಳ ನಡುವೆ ಏರಿಳಿತ ಕಡಿಮೆ, 2 ಮಿಲಿಗ್ರಾಂನ ಮಾತ್ರೆ ಸಿಗುವುದರಿಂದ ಸಣ್ಣ ಕಡಿತ ಸುಲಭ. ಬಹಳ ಕಡೆ ಬಳಕೆಯಲ್ಲಿರುವ ಲೆಕ್ಕದಲ್ಲಿ 0.5 ಮಿಲಿಗ್ರಾಂ ಅಲ್ಪ್ರಜೋಲಾಮ್‌ಗೆ ಸುಮಾರು 10 ಮಿಲಿಗ್ರಾಂ ಡಯಾಜೆಪಾಮ್ ಸಮ. ಆದರೆ ಈ ಸಮಾನತೆಯ ಕೋಷ್ಟಕಗಳು ಒಂದರಂತೆ ಇನ್ನೊಂದಿಲ್ಲ, ವಯಸ್ಸಾದವರಲ್ಲಿ ಮತ್ತು ಯಕೃತ್ತಿನ ತೊಂದರೆ ಇರುವವರಲ್ಲಿ ಡಯಾಜೆಪಾಮ್ ದೇಹದಲ್ಲಿ ಶೇಖರವಾಗಿ ಅತಿಯಾದ ಮಂಪರು ತರುತ್ತದೆ. ಆದ್ದರಿಂದ ಈ ಅಂಕಿಗಳನ್ನು ಓದಿ ನೀವೇ ಬದಲಾಯಿಸಿಕೊಳ್ಳಬೇಡಿ. ನಾನು ಇಲ್ಲಿ ಹೇಳಿದ್ದು ವೈದ್ಯರ ಜೊತೆ ಮಾತಾಡುವಾಗ ನಿಮಗೆ ವಿಷಯ ಗೊತ್ತಿರಲಿ ಎಂಬ ಕಾರಣಕ್ಕೆ. ದ್ರವರೂಪದ ಔಷಧ ಸಿಗುವ ಕಡೆ ಅದೂ ಒಂದು ದಾರಿ.

ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಪ್ರೊಫೆಸರ್ ಹೆದರ್ ಆಶ್ಟನ್ 1982ರಿಂದ 1994ರವರೆಗೆ ಇಂತಹ ರೋಗಿಗಳಿಗಾಗಿಯೇ ಒಂದು ಕ್ಲಿನಿಕ್ ನಡೆಸಿದರು. ಇಳಿಸುವ ವೇಗವನ್ನು ರೋಗಿಯ ಅನುಭವವೇ ನಿರ್ಧರಿಸಬೇಕೆಂಬುದು ಅವರ ಗಟ್ಟಿ ನಿಲುವಾಗಿತ್ತು, ನಾನೂ ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಒಂದು ಕಡಿತದ ನಂತರ ಕಷ್ಟವೆನಿಸಿದರೆ ಅಲ್ಲೇ ಇನ್ನೆರಡು ವಾರ ನಿಂತರೆ ಏನೂ ನಷ್ಟವಿಲ್ಲ. ಆದರೆ ಕಷ್ಟವಾದಾಗಲೆಲ್ಲ ಒಂದು ಮಾತ್ರೆ ಹೆಚ್ಚಿಗೆ ನುಂಗುವುದು, ದಿನ ಬಿಟ್ಟು ದಿನ ತೆಗೆದುಕೊಳ್ಳುವುದು ಇವೆರಡೂ ಬೇಡ. ನಿಮ್ಮಂತೆ ದೇಹದಿಂದ ಬೇಗ ಹೊರಹೋಗುವ ಔಷಧದ ಮೇಲಿರುವವರು ದಿನ ಬಿಟ್ಟರೆ ಆ ಎರಡನೆಯ ದಿನದ ಅನುಭವವನ್ನೇ ಮತ್ತೆ ಮತ್ತೆ ಕರೆದು ತಂದುಕೊಂಡಂತಾಗುತ್ತದೆ. ಮೂರು ವರ್ಷದ ಬಳಕೆಗೆ ಒಟ್ಟು ಕೆಲವು ತಿಂಗಳುಗಳಿಂದ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಅದು ಸಹಜ.

ನಾನು ಎಲ್ಲರಿಗೂ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ: ತಾರೀಖು, ಡೋಸ್, ನಿದ್ದೆಯ ಗಂಟೆಗಳು, ದಿನ ಹೇಗಿತ್ತೆಂಬ ಒಂದು ಸಾಲು, ಅಷ್ಟೇ ಸಾಕು. ಪ್ರತಿ ಕಡಿತವೂ ತನ್ನನ್ನು ಕುಸಿಯುವಂತೆ ಮಾಡುತ್ತಿದೆ ಎಂದು ನಂಬಿದ್ದ ಹಿರಿಯರೊಬ್ಬರು ತಂದಿದ್ದ ಪುಸ್ತಕವನ್ನು ತಿರುವಿ ನೋಡಿದಾಗ, ಪ್ರತಿ ಸಲವೂ ಮೊದಲ ವಾರದ ನಡುವಿನಲ್ಲಿ ಮಾತ್ರ ‘ತಳಮಳ’ ಎಂಬ ಪದ ಕಾಣುತ್ತಿತ್ತು, ಎರಡನೆಯ ವಾರದ ಹೊತ್ತಿಗೆ ‘ಪರವಾಗಿಲ್ಲ’ ಎಂದಾಗುತ್ತಿತ್ತು. ಆ ಪುಟಗಳನ್ನು ತಾವೇ ಬೆರಳಿಟ್ಟು ಓದಿದ ಮೇಲೆ ಅವರು ಮುಂದಿನ ಕಡಿತಕ್ಕೆ ತಾವಾಗಿಯೇ ದಿನ ಗೊತ್ತುಮಾಡಿದರು.

ಹಳೆಯ ಗಾಬರಿಗೆ ಬೇರೆ ಆಸರೆಯಿಲ್ಲದೆ ಮಾತ್ರೆಯನ್ನು ಮಾತ್ರ ಕಳೆಯುವುದು ಸರಿಯಲ್ಲ. ಗಾಬರಿಯ ಕಾಯಿಲೆಯಲ್ಲಿ ಅರಿವು-ವರ್ತನಾ ಚಿಕಿತ್ಸೆಗೆ, ಅಂದರೆ ಯೋಚನೆ ಮತ್ತು ವರ್ತನೆಯ ರೂಢಿಗಳನ್ನು ಮಾತುಕತೆಯ ಮೂಲಕ ಬದಲಿಸುವ ಚಿಕಿತ್ಸೆಗೆ, ಒಳ್ಳೆಯ ಆಧಾರವಿದೆ, ನಿದ್ದೆಗೂ ಅದರದೇ ಪ್ರತ್ಯೇಕ ರೂಪವಿದೆ. ಸಾಧ್ಯವಾದರೆ ಮೊದಲ ಕಡಿತಕ್ಕೆ ಮುನ್ನವೇ ಅದನ್ನು ಆರಂಭಿಸಿ. ವೈದ್ಯರು ಖಿನ್ನತೆ ನಿವಾರಕ ಔಷಧವೊಂದನ್ನು ಸೂಚಿಸಿದರೆ ಅದು ಕೆಲಸ ಮಾಡಲು ಕೆಲವು ವಾರಗಳು ಬೇಕು, ಅದು ನೆಲೆಗೊಂಡ ಮೇಲೆ ಇಳಿಕೆ ಶುರುಮಾಡುವುದು ಒಳ್ಳೆಯದು.

ಮದ್ಯವನ್ನು ಬದಲಿಯಾಗಿ ಬಳಸಲೇಬೇಡಿ. ಅದೂ ಗಾಬಾದ ಮೂಲಕವೇ ಕೆಲಸ ಮಾಡುತ್ತದೆ, ಮಾತ್ರೆಯ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುತ್ತದೆ. ಅಫೀಮಿನಂತೆ ಕೆಲಸ ಮಾಡುವ ಓಪಿಯಾಯ್ಡ್ ಗುಂಪಿನ ನೋವಿನ ಮಾತ್ರೆಗಳ ವಿಷಯದಲ್ಲೂ ಇದೇ ಅಪಾಯ. ಜೋಲ್ಪಿಡೆಮ್‌ನಂತಹ ನಿದ್ದೆ ಮಾತ್ರೆಗಳು ಮಿದುಳಿನಲ್ಲಿ ಗಾಬಾ ಬಂದು ಕೂರುವ ಅದೇ ಗ್ರಾಹಕಗಳ ಮೇಲೆ ಕೆಲಸ ಮಾಡುವುದರಿಂದ ಅವು ಬಿಡುಗಡೆಯ ದಾರಿಯಲ್ಲ. ನೋವಿನ ಮಾತ್ರೆ ಟ್ರಮಡಾಲ್, ಖಿನ್ನತೆ ನಿವಾರಕ ಬುಪ್ರೊಪಿಯಾನ್‌ನಂತಹ ಔಷಧಗಳು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತವೆ. ಕೆಲವು ಫಂಗಸ್ ನಿವಾರಕಗಳು ಮತ್ತು ಕ್ಲಾರಿಥ್ರೊಮೈಸಿನ್‌ನಂತಹ ಆಂಟಿಬಯಾಟಿಕ್‌ಗಳು ಅಲ್ಪ್ರಜೋಲಾಮ್‌ನ ಮಟ್ಟವನ್ನು ಏರಿಸುತ್ತವೆ, ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪೀನ್ ಇಳಿಸುತ್ತದೆ. ಹಲ್ಲುನೋವಿಗೆ ಹೋದರೂ ಸರಿ, ನೀವು ಈ ಮಾತ್ರೆಯನ್ನು ಇಳಿಸುತ್ತಿದ್ದೀರೆಂದು ಹೇಳಿ.

ಮನೆಯಲ್ಲೇ ಬಿಡಬಹುದೇ ಎಂದರೆ, ವೈದ್ಯರ ಉಸ್ತುವಾರಿಯಲ್ಲಿ ಹೆಚ್ಚಿನವರಿಗೆ ಸಾಧ್ಯ. ಹಿಂದೆ ಫಿಟ್ಸ್ ಬಂದವರು, ತುಂಬ ಹೆಚ್ಚಿನ ಡೋಸಿನಲ್ಲಿರುವವರು, ಮದ್ಯ ಅಥವಾ ಓಪಿಯಾಯ್ಡ್‌ಗೂ ಅವಲಂಬಿತರಾದವರು, ತೀವ್ರ ಹೃದಯದ ಅಥವಾ ಮಾನಸಿಕ ಕಾಯಿಲೆ ಇರುವವರು ಮಾತ್ರ ಆಸ್ಪತ್ರೆಯಲ್ಲಿ ಶುರುಮಾಡಬೇಕಾಗಬಹುದು. ಗರ್ಭಿಣಿಯರಿಗೆ ಪ್ರತ್ಯೇಕ ಯೋಜನೆ ಬೇಕು. ಇಳಿಸುತ್ತಿರುವಾಗ ಫಿಟ್ಸ್ ಬಂದರೆ, ದಿಕ್ಕುತಪ್ಪಿದಂತೆ ಮಾತಾಡಿದರೆ, ಇಲ್ಲದ್ದು ಕಂಡರೆ ಅಥವಾ ಕೇಳಿಸಿದರೆ, ಸಾಯುವ ಯೋಚನೆ ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಇದನ್ನು ಮನೆಯವರೊಬ್ಬರಿಗೆ ಈಗಲೇ ತಿಳಿಸಿಡಿ, ಏಕೆಂದರೆ ಆ ಹೊತ್ತಿನಲ್ಲಿ ನಿರ್ಧರಿಸುವ ಸ್ಥಿತಿಯಲ್ಲಿ ನೀವೇ ಇರದಿರಬಹುದು.

ಭೇಟಿಗೆ ಹೋಗುವಾಗ ಖಾಲಿ ಸ್ಟ್ರಿಪ್‌ಗಳನ್ನೂ ಬೇರೆ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ಬಿಟ್ಟಾಗ ಎರಡನೆಯ ದಿನ ಏನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿ. ‘ಎರಡು ವಾರದಲ್ಲಿ ನಿಲ್ಲಿಸಿ’ ಎಂಬ ಉತ್ತರ ಬಂದರೆ, ಇನ್ನೂ ನಿಧಾನವಾಗಿ ಇಳಿಸಲು ಆಗುವುದೇ ಎಂದು ಕೇಳುವ ಹಕ್ಕು ನಿಮಗಿದೆ, ಆಗಲೂ ಒಪ್ಪದಿದ್ದರೆ ಇನ್ನೊಬ್ಬ ಮನೋವೈದ್ಯರನ್ನು ಕಾಣಿ. ಕೊನೆಯ ಡೋಸ್ ಮುಗಿದ ಮೇಲೂ ಕೆಲವು ವಾರ, ಕೆಲವರಿಗೆ ತಿಂಗಳುಗಳ ಕಾಲ ಲಕ್ಷಣಗಳು ಅಲೆಅಲೆಯಾಗಿ ಬಂದುಹೋಗಬಹುದು, ಅಷ್ಟರವರೆಗೂ ಭೇಟಿಗಳು ಮುಂದುವರಿಯಲಿ. ಉಳಿದ ಮಾತ್ರೆಗಳನ್ನು ಮನೆಯಲ್ಲಿಟ್ಟುಕೊಳ್ಳದೆ ಔಷಧಾಲಯಕ್ಕೆ ಹಿಂದಿರುಗಿಸಿ. ಪೂರ್ತಿ ಬಿಟ್ಟ ಮೇಲೆ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ, ಮೊದಲಿನ ಅದೇ ಡೋಸ್ ಆಗ ಅಪಾಯಕಾರಿಯಾದ ಮಂಪರು ತರಬಹುದು.