ಬಯಾಪ್ಸಿ ಆದಮೇಲೂ ಎಂಆರ್‌ಐ ಯಾಕೆ?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಅತ್ತೆಗೆ 54 ವರ್ಷ. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿತು. ಬಯಾಪ್ಸಿಯಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಬಂದಿದೆ. ಈಗ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಕಾಯಿಲೆ ಗೊತ್ತಾಯಿತಲ್ಲ, ಬೇಗ ಗರ್ಭಕೋಶ ತೆಗೆಸಿಬಿಡೋಣ ಅಂತಾರೆ ಮಾವ. ಅತ್ತೆಗೆ ತಾಳಿ ತೆಗೆಯಬೇಕಲ್ಲ ಅನ್ನೋದೇ ಚಿಂತೆ.
– ಹೆಸರು ಬೇಡ, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಮಾವನವರ ಆತಂಕ ಅರ್ಥವಾಗುತ್ತದಮ್ಮ. ಆದರೂ ಎಂಆರ್‌ಐ ಆಗದೆ ಆಪರೇಷನ್ನಿಗೆ ಒಪ್ಪಬೇಡಿ. ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹೋಗಿದೆ ಅನ್ನುವುದು ಬಯಾಪ್ಸಿಯಲ್ಲಿ ತಿಳಿಯುವುದಿಲ್ಲ.

ಇಂಥ ಸ್ಕ್ಯಾನ್ ನೋಡಿ ವರದಿ ಬರೆಯುವುದೇ ನನ್ನ ಕೆಲಸ. ಗರ್ಭಕಂಠದ ಸುತ್ತ ಕಪ್ಪು ಉಂಗುರವೊಂದು ಕಾಣುತ್ತದೆ. ಅದು ಅಲ್ಲಿನ ಗಟ್ಟಿ ನಾರಿನ ಪದರ. ಗಡ್ಡೆ ಬೂದು ಬಣ್ಣಕ್ಕಿರುತ್ತದೆ. ಉಂಗುರ ಸುತ್ತಲೂ ಕಡಿಯದೆ ಉಳಿದಿದ್ದರೆ, ರೋಗ ಪಕ್ಕಕ್ಕೆ ದಾಟಿಲ್ಲ ಎಂದು ಧೈರ್ಯವಾಗಿ ಬರೆಯುತ್ತೇನೆ. ಎಲ್ಲಾದರೂ ಒಡೆದು ಬೂದು ಬಣ್ಣ ಹೊರಗೆ ಚಾಚಿದ್ದರೆ, ಸಾಮಾನ್ಯವಾಗಿ ಆಪರೇಷನ್ ಬಿಟ್ಟು ರೇಡಿಯೇಷನ್, ಜೊತೆಗೆ ಕೀಮೋ. ಗಡ್ಡೆ 4 ಸೆಂ.ಮೀ. ದಾಟಿದ್ದರೂ ಹೆಚ್ಚಾಗಿ ಹಾಗೆಯೇ. ಇದನ್ನು ನೋಡದೆ ಗರ್ಭಕೋಶ ತೆಗೆದರೆ ರೋಗ ಒಳಗೇ ಉಳಿಯಬಹುದು. ಆಮೇಲೆ ರೇಡಿಯೇಷನ್ನೂ ತಪ್ಪದು, ಎರಡರ ಕಷ್ಟವೂ ಅವರೊಬ್ಬರಿಗೇ. 2018ರಿಂದ ಈ ಕ್ಯಾನ್ಸರಿನ ಹಂತ ಗುರುತಿಸುವಾಗ ಸ್ಕ್ಯಾನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ದುಗ್ಧಗ್ರಂಥಿಗೆ (ಲಿಂಫ್ ನೋಡ್) ರೋಗ ಹಬ್ಬಿದ್ದು ಕಂಡರೆ ಅದು ಮೂರನೇ ಹಂತ.

ಎಂಆರ್‌ಐನಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಹೆದರಬೇಡಿ. ಅರ್ಧ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಸದ್ದು ಜೋರು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಕಾಪರ್-ಟಿ ಏನಿದ್ದರೂ ಮುಂಚೆಯೇ ಹೇಳಿ.

ತಾಳಿ ವಿಷಯ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಸರದ ಕೊಂಡಿಯಲ್ಲಿ, ಅದಕ್ಕೆ ಸಿಕ್ಕಿಸಿದ ಪಿನ್ನಿನಲ್ಲಿ ಕಬ್ಬಿಣ ಇರಬಹುದು, ಸರ ಬಿಸಿಯೂ ಆಗಬಹುದು. ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಬರಲಿ, ನಮ್ಮಲ್ಲಿಗೆ ಎಷ್ಟೋ ಜನ ಹಾಗೆ ಬರುತ್ತಾರೆ. ಕಾಲುಂಗುರವನ್ನು ಮಾತ್ರ ಹಿಂದಿನ ರಾತ್ರಿಯೇ ಸೋಪಿನ ನೀರು ಹಚ್ಚಿ ನಿಧಾನವಾಗಿ ಬಿಡಿಸಿ. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಊದಿದ ಬೆರಳಿನಿಂದ ಅದನ್ನು ಎಳೆಯುವಾಗ ಆಗುವ ನೋವು ನೋಡಲಾಗದು.

ಖರ್ಚಿನ ಯೋಚನೆಯಿದ್ದರೆ ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಕಿದ್ವಾಯಿ ಆಸ್ಪತ್ರೆಗೆ ಹೋಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಬಯಾಪ್ಸಿ ವರದಿಯ ಜೊತೆ ಅದರ ಸ್ಲೈಡು, ಬ್ಲಾಕನ್ನೂ (ಪರೀಕ್ಷೆಗೆ ತೆಗೆದ ಚೂರು ಇರುವ ಗಾಜು, ಮೇಣದ ತುಂಡು) ಕೇಳಿ ಪಡೆದುಕೊಳ್ಳಿ. ಈ ವಾರವೇ ಹೊರಡಿ.